0.1007 ಅನ್ನುವ ಸಂಖ್ಯೆ: ಹರಳು ಎಳೆಯುವ ಯಂತ್ರದ ಒಂದು ಪ್ರಕರಣ

ಪರದೆಯ ಮೇಲೆ ವ್ಯಾಸದ ಗೆರೆ ಹತ್ತು ಗಂಟೆಯೂ ಅಲುಗಾಡದೆ 100 ಮಿ.ಮೀ.ನಲ್ಲೇ ನಿಂತಿತ್ತು. ಸಿಲಿಕಾನ್ ಹರಳು ತಣ್ಣಗಾಗಿ ಹೊರಗೆ ಬಂದ ಮೇಲೆ ವರ್ನಿಯರ್ ಹಿಡಿದು ನೋಡಿದರೆ ತಲೆಯ ಕಡೆ 100, ಬಾಲದ ಕಡೆ ಹತ್ತಿರ ಹತ್ತಿರ 104. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು. ಯಾವುದು ಅಂತ ಗೊತ್ತಾಗಲು ಕಷ್ಟವಾಗಲಿಲ್ಲ, ವರ್ನಿಯರ್ ಸುಳ್ಳು ಹೇಳುವುದಿಲ್ಲ. ಯಾಕೆ ಅಂತ ಗೊತ್ತಾಗಲು ಎರಡು ತಿಂಗಳ ಮೇಲಾಯಿತು. ತಪ್ಪು ನನ್ನದೇ ಆಗಿತ್ತು. ಹಾಗಾಗಿ ಬರೆಯುವ ಕೆಲಸವೂ ನನ್ನದೇ.

ಕಾರ್ಖಾನೆ ಯಾವುದು, ಯಂತ್ರ ಯಾರದು ಅಂತ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಅಳತೆಗಳನ್ನು ದುಂಡು ಸಂಖ್ಯೆ ಮಾಡಿದ್ದೇನೆ. ಆದರೆ ಅವುಗಳ ನಡುವಿನ ಲೆಕ್ಕ ಸರಿಯಾಗಿಯೇ ಇದೆ. ಬೇಕಿದ್ದರೆ ಪೆನ್ನು ಹಿಡಿದು ಮಾಡಿ ನೋಡಬಹುದು.

ಹಿನ್ನೆಲೆ

ಸಿಲಿಕಾನ್ ಹರಳು ಬೆಳೆಸುವ ಈ ವಿಧಾನಕ್ಕೆ ಚೊಕ್ರಾಲ್ಸ್ಕಿ ವಿಧಾನ ಅನ್ನುತ್ತಾರೆ. 1916ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಪೋಲೆಂಡ್ ಮೂಲದ ಯಾನ್ ಚೊಕ್ರಾಲ್ಸ್ಕಿ, ಮಸಿಕುಡಿಕೆ ಅಂದುಕೊಂಡು ಕರಗಿದ ತವರದಲ್ಲಿ ಪೆನ್ನು ಅದ್ದಿ ಎತ್ತಿದಾಗ ಅದರ ತುದಿಯಲ್ಲಿ ಸಣ್ಣ ಎಳೆ ಬಂತು ಅನ್ನುವ ಕಥೆ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಇವತ್ತಿಗೂ ಮಾಡುವುದು ಅದನ್ನೇ. ಕ್ವಾರ್ಟ್ಜ್ ಕ್ರೂಸಿಬಲ್‌ನಲ್ಲಿ, ಅಂದರೆ ಕರಗಿಸುವ ಪಾತ್ರೆಯಲ್ಲಿ, ಸಿಲಿಕಾನ್ ಕರಗಿಸುತ್ತೇವೆ, 1414 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮೇಲಿಂದ ಸೀಡ್ (ಬೀಜದ ಹಾಗಿನ ಸಣ್ಣ ಹರಳು) ಇಳಿಸಿ ಮೆಲ್ಟ್‌ಗೆ, ಅಂದರೆ ಕರಗಿದ ಸಿಲಿಕಾನ್‌ಗೆ, ತಾಗಿಸುತ್ತೇವೆ. ತಿರುಗಿಸುತ್ತಾ ನಿಧಾನವಾಗಿ ಎಳೆಯುತ್ತೇವೆ. ಮೊದಲು ಸಪೂರ ಕತ್ತು, ಆಮೇಲೆ ಭುಜ, ಆಮೇಲೆ ಒಂದೇ ದಪ್ಪದ ಮೈ, ಕೊನೆಗೆ ಬಾಲ. ಮೈ ಬೆಳೆಯುವಾಗ ವೇಗ ನಿಮಿಷಕ್ಕೆ 1 ಮಿ.ಮೀ. ಆಸುಪಾಸು. 600 ಮಿ.ಮೀ. ಮೈಗೆ ಹತ್ತು ಗಂಟೆ. ಕರಗಿಸುವುದು, ತಣ್ಣಗಾಗಿಸುವುದು, ಕುಲುಮೆ ಸ್ವಚ್ಛ ಮಾಡುವುದು ಎಲ್ಲ ಸೇರಿ ಒಂದು ಸುತ್ತಿಗೆ ಒಂದೂವರೆ ದಿನ. ಈ ಒಂದೂವರೆ ದಿನ ನೆನಪಿರಲಿ. ಸಾಫ್ಟ್‌ವೇರ್ ಜನಕ್ಕೆ ಅಭ್ಯಾಸವಿರುವ 'ಇನ್ನೊಂದ್ಸಲ ಓಡಿಸಿ ನೋಡೋಣ' ಇಲ್ಲಿ ಬಹಳ ದುಬಾರಿ.

ಕಂಟ್ರೋಲ್ ಹೀಗಿದೆ. ಹರಳು ಮೆಲ್ಟ್‌ಗೆ ತಾಗುವ ಜಾಗದಲ್ಲಿ ದ್ರವ ಸ್ವಲ್ಪ ಮೇಲಕ್ಕೆ ಬಾಗಿ ನಿಂತಿರುತ್ತದೆ. ಆ ಬಾಗಿನಲ್ಲಿ ಕ್ರೂಸಿಬಲ್‌ನ ಕಾದ ಗೋಡೆ ಪ್ರತಿಫಲಿಸಿ ಬಳೆಯ ಹಾಗೆ ಹೊಳೆಯುತ್ತದೆ. ಕ್ಯಾಮೆರಾ ಆ ಬಳೆಯನ್ನು ನೋಡಿ ವ್ಯಾಸ ಹೇಳುತ್ತದೆ. ಸಪೂರವಾದರೆ ಎಳೆಯುವ ವೇಗ ಇಳಿಸು, ದಪ್ಪವಾದರೆ ಏರಿಸು. ಹೀಗೆ ಅಳೆಯುತ್ತಾ ತಿದ್ದುತ್ತಾ ಸುತ್ತುವುದಕ್ಕೆ ಲೂಪ್ ಅನ್ನುತ್ತೇವೆ, ಇದು ಚುರುಕಾದ ಲೂಪ್. ಇದರ ಮೇಲೆ ಇನ್ನೊಂದು ನಿಧಾನದ ಲೂಪ್ ಕೂತಿರುತ್ತದೆ. ಸರಾಸರಿ ವೇಗ ಗುರಿಯಿಂದ ಸರಿದರೆ ಹೀಟರ್ ಉಷ್ಣತೆಯನ್ನು ಚೂರು ಚೂರೇ ಬದಲಿಸಿ ವೇಗವನ್ನು ಮತ್ತೆ ಗುರಿಗೆ ತರುವುದು ಅದರ ಕೆಲಸ.

ಮೂರನೆಯದು ಕ್ರೂಸಿಬಲ್ ಎತ್ತುವ ಕೆಲಸ. ಹರಳು ಬೆಳೆದಂತೆ ಮೆಲ್ಟ್ ಕಡಿಮೆಯಾಗುತ್ತದೆ, ಮಟ್ಟ ಇಳಿಯುತ್ತದೆ. ಮಟ್ಟ ಕುಲುಮೆಯೊಳಗೆ ಒಂದೇ ಎತ್ತರದಲ್ಲಿ ನಿಲ್ಲಬೇಕು ಅಂದರೆ ಕ್ರೂಸಿಬಲ್ ಅನ್ನು ಅಷ್ಟಷ್ಟೇ ಮೇಲಕ್ಕೆ ಎತ್ತುತ್ತಾ ಹೋಗಬೇಕು. ಹರಳು 1 ಮಿ.ಮೀ. ಮೇಲೆ ಹೋದರೆ ಕ್ರೂಸಿಬಲ್ ಎಷ್ಟು ಮೇಲೆ ಬರಬೇಕು? ಇದಕ್ಕೊಂದು ಅನುಪಾತ. ನಮ್ಮ ಪ್ರಕರಣ ಇರುವುದೆಲ್ಲ ಆ ಅನುಪಾತದಲ್ಲೇ. ಇದಕ್ಕೆ ಅಳೆದು ತಿದ್ದುವ ಫೀಡ್‌ಬ್ಯಾಕ್ ಇರಲಿಲ್ಲ, ಬರೀ ಲೆಕ್ಕ. ಹಳೆಯ ಯಂತ್ರ, ಹರಳನ್ನು ತೂಗುವ ಲೋಡ್ ಸೆಲ್ ಕೂಡ ಇರಲಿಲ್ಲ.

ನಾನು ಮಾಡಿದ್ದು

ಯಂತ್ರ ಗಟ್ಟಿಮುಟ್ಟಾಗಿತ್ತು, ಕಂಟ್ರೋಲರ್ ಮಾತ್ರ ಹಳೆಯದು. ಬಿಡಿಭಾಗ ಸಿಗುತ್ತಿರಲಿಲ್ಲ. ಹೊಸ ಪಿಎಲ್‌ಸಿ (ಯಂತ್ರ ನಡೆಸುವ ಕೈಗಾರಿಕಾ ಕಂಪ್ಯೂಟರ್) ಹಾಕಿ, ಹಳೆಯ ಪ್ರೋಗ್ರಾಂ ಅನ್ನು ಹೊಸದಾಗಿ ಬರೆಯುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಬಂತು. ಹಳೆಯ ಕೋಡ್‌ನಲ್ಲಿ ಒಂದು ಸಾಲು: ಕ್ರೂಸಿಬಲ್ ವೇಗ ಅಂದರೆ ಸೀಡ್ ವೇಗ ಗುಣಿಸು 0.1007. ಕ್ರೂಸಿಬಲ್‌ನ ದುಂಡಾದ ತಳದ ಭಾಗಕ್ಕೆ ಬೇರೆ ಒಂದು ಕೋಷ್ಟಕ. ವಿವರಣೆ ಇಲ್ಲ, ಟಿಪ್ಪಣಿ ಇಲ್ಲ.

ಇಂಥ ಬೆತ್ತಲೆ ಸಂಖ್ಯೆ ಕಂಡರೆ ನನಗೆ ಮೈ ಉರಿಯುತ್ತದೆ. ನಾಳೆ ಬೇರೆ ವ್ಯಾಸದ ಹರಳು ಬೇಕೆಂದರೆ? ಹಾಳೆಯ ಮೇಲೆ ಲೆಕ್ಕ ಹಾಕಿದೆ. ಹರಳು 100, ಕ್ರೂಸಿಬಲ್ ಒಳವ್ಯಾಸ 300. ಹರಳಿನ ಅಡ್ಡಕೊಯ್ತದ ವಿಸ್ತೀರ್ಣ ಕ್ರೂಸಿಬಲ್‌ನದರ ಒಂಬತ್ತನೇ ಒಂದು. ಅಂದರೆ 0.1111. ಹಳೆಯ ಸಂಖ್ಯೆ ಹತ್ತು ಶೇಕಡಾ ಆಚೀಚೆ ಇದೆ. ಯಾರೋ ಆಪರೇಟರ್ ಕಣ್ಣಂದಾಜಿನಲ್ಲಿ ತಿದ್ದಿರಬೇಕು ಅಂದುಕೊಂಡೆ. ಸಂಖ್ಯೆ ತೆಗೆದು ಸೂತ್ರ ಬರೆದೆ. ಕೋಡ್ ನೋಡಿದ ಇಬ್ಬರೂ ತಲೆಯಾಡಿಸಿದರು. ಚೆಂದದ ಸೂತ್ರ ನೋಡಿದರೆ ಯಾರಿಗಾದರೂ ಸಮಾಧಾನವೇ ಅಲ್ವಾ?

ಸಿಮ್ಯುಲೇಟರ್‌ನಲ್ಲಿ ಓಡಿಸಿದೆವು. ಮಟ್ಟ ಕೂದಲೆಳೆಯಷ್ಟೂ ಸರಿಯಲಿಲ್ಲ. ಸಿಮ್ಯುಲೇಟರ್ ಬರೆದವನೂ ನಾನೇ. ಕಂಟ್ರೋಲರ್ ಬರೆದ ತಲೆಯೇ ಸಿಮ್ಯುಲೇಟರನ್ನೂ ಬರೆದಿದ್ದರಿಂದ ಇಬ್ಬರೂ ಒಂದೇ ತಪ್ಪನ್ನು ಒಪ್ಪಿಕೊಂಡಿದ್ದರು. ಅದು ಆಮೇಲೆ ಗೊತ್ತಾದ ಮಾತು.

ಬಾಲ ದಪ್ಪ

ಮೊದಲ ಹರಳಿನ ಕಥೆ ಆಗಲೇ ಹೇಳಿದೆ. ಭುಜದಿಂದ ಕೆಳಗೆ ದಪ್ಪ ಬೇಗ ಬೇಗ ಏರಿ, ಬಾಲದ ಹತ್ತಿರ ಏರಿಕೆ ನಿಧಾನವಾಗಿತ್ತು. ಈ ಆಕಾರವನ್ನು ನಾನು ಡೈರಿಯಲ್ಲಿ ಬಿಡಿಸಿಟ್ಟುಕೊಂಡೆ, ಆದರೆ ಅದು ಏನು ಹೇಳುತ್ತಿದೆ ಅಂತ ಕೇಳಲಿಲ್ಲ. ತೂಗಿದಾಗ ಮೈ 11 ಕೆ.ಜಿ. ಬದಲು ಹನ್ನೊಂದೂವರೆ ಬಂತು. ಇದು ದೊಡ್ಡ ಸುಳಿವು. ಶಾಪ್ ಫ್ಲೋರ್‌ನಲ್ಲಿ ಕೆಲವರಿಗೆ ಖುಷಿಯೇ ಆಯಿತು, ಅರ್ಧ ಕೆ.ಜಿ. ಜಾಸ್ತಿ ಬಂತಲ್ಲ ಅಂತ. ಹೆಚ್ಚಿನ ದಪ್ಪವನ್ನು ಕೊನೆಗೆ ಉಜ್ಜಿ ತೆಗೆಯಬೇಕು. ಅದು ಲಾಭವಲ್ಲ, ಪುಡಿ.

ಎಲ್ಲರ ಅನುಮಾನವೂ ಕ್ಯಾಮೆರಾ ಮೇಲೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ಮೆಲ್ಟ್‌ನಿಂದ ಏಳುವ ಸಿಲಿಕಾನ್ ಮಾನಾಕ್ಸೈಡ್ ಆವಿ ತಣ್ಣನೆ ಜಾಗ ಕಂಡಲ್ಲಿ ಕೂರುತ್ತದೆ, ನೋಡುವ ಕಿಟಕಿಯ ಗಾಜು ಮಂಜಾಗುತ್ತದೆ. ಗಾಜು ಬದಲಿಸಿದೆವು. ಬಾಲ 104. ಇನ್ನೊಂದು ವಾದ: ಮೆಲ್ಟ್ ಕಡಿಮೆಯಾದಂತೆ ಕ್ರೂಸಿಬಲ್ ಗೋಡೆ ಹೆಚ್ಚು ತೆರೆದುಕೊಳ್ಳುತ್ತದೆ, ಬಳೆಯ ಹೊಳಪು ಬದಲಾಗುತ್ತದೆ, ಅಂಚು ಗುರುತಿಸುವ ಮಿತಿ ತಪ್ಪುತ್ತಿರಬಹುದು. ಇದು ನಿಜವಾಗಿಯೂ ಇರುವ ತೊಂದರೆ, ನಮ್ಮ ಕಲ್ಪನೆಯಲ್ಲ. ಮಿತಿ ತಿದ್ದಿದೆವು. ಬಾಲ ಮತ್ತೆ 104. ಪಿಐಡಿ, ಅಂದರೆ ಅಳತೆಯನ್ನು ಗುರಿಯಲ್ಲಿ ಹಿಡಿದಿಡುವ ಲೂಪ್‌ನ ಲೆಕ್ಕ, ಅದರ ಟ್ಯೂನಿಂಗ್‌ಗೂ ಒಂದು ವಾರ ಹೋಯಿತು. ಈಗ ನೆನೆದರೆ ನಗು ಬರುತ್ತದೆ. ಗೆರೆ ನೇರವಾಗಿಯೇ ಇರುವಾಗ ಪಿಐಡಿಯ ತಪ್ಪು ಏನಿರುತ್ತದೆ? ಹೇಳಿದ ಅಳತೆಯನ್ನು ಅದು ಅಚ್ಚುಕಟ್ಟಾಗಿ ಹಿಡಿದಿಟ್ಟಿತ್ತು. ಅಳತೆಯೇ ತಪ್ಪಾಗಿತ್ತು.

ಅಷ್ಟರಲ್ಲಿ ತಿಂಗಳು ಕಳೆದಿತ್ತು. ಉತ್ಪಾದನೆಯ ಕಡೆಯಿಂದ ಒತ್ತಡ ಶುರುವಾಯಿತು.

ತೇಪೆ

ಇಲ್ಲಿ ನಾವು ತೆಗೆದುಕೊಂಡ ನಿರ್ಧಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಬಾಲ 4 ಮಿ.ಮೀ. ದಪ್ಪ ಬರುತ್ತದೆಯಾ? ಗುರಿಯನ್ನೇ 100ರಿಂದ 96ಕ್ಕೆ ನಿಧಾನವಾಗಿ ಇಳಿಸುತ್ತಾ ಬಂದರಾಯಿತು. ಕೋಡ್ ಮುಟ್ಟುವುದೂ ಬೇಡ, ರೆಸಿಪಿಯಲ್ಲಿ (ಪ್ರತಿ ಸುತ್ತಿಗೆ ಯಂತ್ರಕ್ಕೆ ಕೊಡುವ ಗುರಿಗಳ ಪಟ್ಟಿಯಲ್ಲಿ) ಒಂದು ಇಳಿಜಾರು ಹಾಕಿದರೆ ಸಾಕು. ಹಾಕಿದೆವು. ಬಾಲ ಸುಮಾರು 102ಕ್ಕೆ ಬಂದು ನಿಂತಿತು. 4 ಕಳೆದರೆ ಎರಡು ಚಿಲ್ಲರೆ ಮಾತ್ರ ಇಳಿಯಿತು. ಕ್ಯಾಮೆರಾ ಸುಮ್ಮನೆ ಒಂದೇ ಸಮನೆ ತಪ್ಪು ತೋರಿಸುತ್ತಿದ್ದರೆ ಪೂರ್ತಿ 4 ಇಳಿಯಬೇಕಿತ್ತು. ತಪ್ಪು ನಮ್ಮ ತಿದ್ದುಪಡಿಗೆ ಉತ್ತರ ಕೊಡುತ್ತಿದೆ, ಅಂದರೆ ಅದು ಎಲ್ಲೋ ಒಂದು ಲೂಪ್‌ನೊಳಗೆ ಕೂತಿದೆ. ಆ ದಿನ ನಿಂತು ಯೋಚಿಸಬೇಕಿತ್ತು. ನಾವು ಇಳಿಜಾರನ್ನು 7ಕ್ಕೆ ಏರಿಸಿದೆವು.

ಹರಳು ಕಂಬದ ಹಾಗೆ ನೇರವಾಗಿ ಬಂತು. ತಲೆ 100, ಬಾಲ 100. ಅವತ್ತು ಕ್ಯಾಂಟೀನ್‌ನಲ್ಲಿ ಮೈಸೂರು ಪಾಕ್ ಹಂಚಿದ್ದು ನೆನಪಿದೆ. ಮೂರು ವಾರ ಉತ್ಪಾದನೆ ನಡೆಯಿತು. ಒಂದು ಹರಳಿನಲ್ಲಿ ಮಾತ್ರ ಬಾಲದ ಹತ್ತಿರ ಮೈಮೇಲಿನ ನಾಲ್ಕು ಉದ್ದಗೆರೆಗಳು ಮಾಯವಾದವು. ಆ ಗೆರೆ ಹೋದರೆ ಒಳಗಿನ ಒಂದೇ ಹರಳಿನ ಜೋಡಣೆ ಮುರಿದಿದೆ ಅಂತ ಅರ್ಥ. ಅದಕ್ಕೆ ಹತ್ತು ಕಾರಣ ಇರಬಹುದು. ನಮ್ಮ ತಪ್ಪೇ ಕಾರಣ ಅಂತ ಇವತ್ತಿಗೂ ನಾನು ಸಾಬೀತು ಮಾಡಲಾರೆ.

ಕಡ್ಡಿ ಮತ್ತು ಅದರ ನೆರಳು

ಮೆಲ್ಟ್‌ನ ಮೇಲೆ ಶಾಖ ತಡೆಯಲು ಇರುವ ಹೀಟ್ ಶೀಲ್ಡ್‌ನ ಅಡಿಯಲ್ಲಿ ಒಂದು ಸಣ್ಣ ಕ್ವಾರ್ಟ್ಜ್ ಕಡ್ಡಿ ನೇತಾಡುತ್ತಿರುತ್ತದೆ. ಸೀಡ್ ಇಳಿಸುವ ಮೊದಲು ಅದರ ತುದಿಗೂ ಮೆಲ್ಟ್‌ಗೂ 15 ಮಿ.ಮೀ. ಅಂತರ ಬರುವ ಹಾಗೆ ಕ್ರೂಸಿಬಲ್ ಎತ್ತರ ಹೊಂದಿಸುತ್ತಾರೆ. ಮೆಲ್ಟ್ ಕನ್ನಡಿಯ ಹಾಗೆ. ಕಡ್ಡಿ ಮೇಲೆ, ಅದರ ಬಿಂಬ ಕೆಳಗೆ. ಎರಡೂ ತುದಿಗಳ ನಡುವಿನ ದೂರ ಅಂತರದ ಎರಡು ಪಟ್ಟು.

ಅಲ್ಲೊಬ್ಬರು ಹಿರಿಯ ಆಪರೇಟರ್. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಹಳೆಯ ಕಂಟ್ರೋಲರ್ ಕಾಲದಿಂದ ಇದ್ದವರು. ಬಾಲ ಬರುವ ಹೊತ್ತು ಸಾಮಾನ್ಯವಾಗಿ ರಾತ್ರಿ ಪಾಳಿಗೆ ಬೀಳುತ್ತಿತ್ತು, ಅವರು ಹಗಲಿನವರು. ಒಂದು ವಾರ ಪಾಳಿ ಬದಲಾಗಿ ಅವರು ರಾತ್ರಿ ಬಂದರು. ಬೆಳಗ್ಗೆ ನಾನು ಹೋದಾಗ ಮನೆಗೆ ಹೋಗದೆ ಕಾಯುತ್ತಿದ್ದರು.

"ಸಾರ್, ಕಡ್ಡೀನೂ ನೆರಳೂ ಹತ್ರ ಬಂದ್ಬಿಟ್ಟಿವೆ. ಹಿಂದೆ ಹಿಂಗೆ ಆಗ್ತಿರ್ಲಿಲ್ಲ."

"ಎಷ್ಟು ಹತ್ರ ಅಣ್ಣ?"

ಅವರು ಹೆಬ್ಬೆರಳು ತೋರುಬೆರಳು ಹಿಡಿದು ತೋರಿಸಿದರು. ಮುಂದಿನ ಸುತ್ತಿನಲ್ಲಿ ಇಬ್ಬರೂ ಕಿಟಕಿಯ ಮುಂದೆ ನಿಂತು ಪ್ರತಿ ಗಂಟೆ ಅಳೆದೆವು. ಶುರುವಿನಲ್ಲಿ 15. ಕೊನೆಗೆ 9. ಮಟ್ಟ 6 ಮಿ.ಮೀ. ಮೇಲೆ ಬಂದಿತ್ತು. ನಾವು ನೇರ ಹರಳು ಬಂತು ಅಂತ ಸಿಹಿ ಹಂಚುತ್ತಿದ್ದಾಗ ಮೆಲ್ಟ್ ಸದ್ದಿಲ್ಲದೆ ಶೀಲ್ಡ್ ಕಡೆಗೆ ಏರುತ್ತಿತ್ತು.

ಅಂದರೆ ಕ್ರೂಸಿಬಲ್ ಅನ್ನು ಜಾಸ್ತಿ ಎತ್ತುತ್ತಿದ್ದೇವೆ. ಸೂತ್ರ ತೆಗೆದು ತಿರುಗಿಸಿ ನೋಡಿದೆ. ವಿಸ್ತೀರ್ಣ ಸರಿ, ವ್ಯಾಸ ಸರಿ. ತಪ್ಪು ಕಾಣಲಿಲ್ಲ. ಉತ್ತರ ಸಿಕ್ಕಿದ್ದು ಮಾರನೇ ದಿನ, ಕ್ರೂಸಿಬಲ್‌ಗೆ ತುಂಬಿದ ಹೊಸ ಸಿಲಿಕಾನ್ ಕರಗುವಾಗ. ಎಲ್ಲ ಕರಗಿ ಕೊನೆಗೆ ಒಂದು ತುಂಡು ಉಳಿದಿತ್ತು. ಬಿಳಿ ಬೆಳಕಿನ ಕೊಳದಲ್ಲಿ ಸ್ವಲ್ಪ ಕಪ್ಪಗೆ ಕಾಣುತ್ತಾ, ತಿರುಗುತ್ತಾ, ತೇಲುತ್ತಿತ್ತು.

"ಕೊನೇ ತುಂಡು ಯಾವಾಗ್ಲೂ ತೇಲ್ತದೆ ಸಾರ್, ಐಸ್ ಥರ," ಅಂದರು ಅಣ್ಣ. ಅವರು ಸುಮ್ನೆ ಹೇಳಿದ್ದು. ನನಗೆ ಕಾಲ ಕೆಳಗಿನ ನೆಲ ಅಲುಗಾಡಿದ ಹಾಗಾಯಿತು.

ತುಪ್ಪ ನೋಡಿ. ಗಟ್ಟಿಯಾದಾಗ ಕುಗ್ಗುತ್ತದೆ, ಗಟ್ಟಿ ತುಪ್ಪ ಕರಗಿದ ತುಪ್ಪದಲ್ಲಿ ಮುಳುಗುತ್ತದೆ. ಹೆಚ್ಚಿನ ವಸ್ತುಗಳು ಹೀಗೇ. ನೀರು ಉಲ್ಟಾ, ಸಿಲಿಕಾನ್ ಕೂಡ ಉಲ್ಟಾ. ಗಟ್ಟಿ ಸಿಲಿಕಾನ್‌ನ ಸಾಂದ್ರತೆ ಘನ ಸೆಂ.ಮೀ.ಗೆ 2.33 ಗ್ರಾಂ. ಕರಗಿದ್ದು ಸುಮಾರು 2.57. ಹರಳಾಗುವಾಗ ಅದು ಹಿಗ್ಗುತ್ತದೆ. ಒಂದು ಲೋಟ ಹರಳು ಬೆಳೆಯಲು ಒಂದು ಲೋಟ ಮೆಲ್ಟ್ ಬೇಕಾಗಿಲ್ಲ, ಅದಕ್ಕಿಂತ ಕಡಿಮೆ ಸಾಕು. ನಾನು ಘನ ಅಳತೆ ಸರಿದೂಗಿಸಿದ್ದೆ, ಸರಿದೂಗಿಸಬೇಕಾದ್ದು ತೂಕವನ್ನು. 0.1111ನ್ನು 2.33ರಿಂದ ಗುಣಿಸಿ 2.57ರಿಂದ ಭಾಗಿಸಿದರೆ ಎಷ್ಟು?

0.1007.

ಹಳೆಯ ಕೋಡ್ ಬರೆದವರು ಕಣ್ಣಂದಾಜಿನಲ್ಲಿ ಏನನ್ನೂ ತಿದ್ದಿರಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು. ಬರೆದಿಡಲಿಲ್ಲ ಅಷ್ಟೇ.

ಮಿಕ್ಕಿದ್ದೆಲ್ಲ ತಾನೇ ಬಿಚ್ಚಿಕೊಂಡಿತು. 600 ಮಿ.ಮೀ. ಮೈಗೆ ಕ್ರೂಸಿಬಲ್ 60 ಚಿಲ್ಲರೆ ಏರಬೇಕಿತ್ತು, 66 ಚಿಲ್ಲರೆ ಏರುತ್ತಿತ್ತು. ನಮ್ಮ ಕ್ಯಾಮೆರಾ ಲಂಬದಿಂದ 30 ಡಿಗ್ರಿ ಓರೆಯಾಗಿ ನೋಡುತ್ತದೆ. ಶೀಲ್ಡ್ ಅಡ್ಡ ಬರುವುದರಿಂದ ಬಳೆಯ ಮುಂದಿನ ಅಂಚು ಮಾತ್ರ ಅದಕ್ಕೆ ಕಾಣುತ್ತದೆ. ನಡುವಿನ ಬಿಂದು ಇಲ್ಲೇ ಇದೆ ಅಂತ ಅಂದುಕೊಂಡು ತ್ರಿಜ್ಯ ಲೆಕ್ಕ ಹಾಕುತ್ತದೆ. ಓರೆಯಾಗಿ ನೋಡುವವರಿಗೆ ಮಟ್ಟ ಮೇಲೆ ಬಂದರೆ ಹತ್ತಿರದ ಅಂಚು ಆಚೆ ಸರಿದ ಹಾಗೆ ಕಾಣುತ್ತದೆ. ಮಟ್ಟ 1 ಮಿ.ಮೀ. ಏರಿದರೆ ವ್ಯಾಸ 1.15 ಮಿ.ಮೀ. ಕಡಿಮೆ ಅಂತ ಕ್ಯಾಮೆರಾ ಹೇಳುತ್ತದೆ. ಸಪೂರವಾಯಿತು ಅಂತ ಕಂಟ್ರೋಲರ್ ವೇಗ ಇಳಿಸುತ್ತದೆ, ಹರಳು ದಪ್ಪವಾಗುತ್ತದೆ. ದಪ್ಪ ಹರಳು ಹೆಚ್ಚು ಮೆಲ್ಟ್ ಕುಡಿಯುತ್ತದೆ, ಆಗ ಮಟ್ಟ ಏರುವುದು ನಿಧಾನವಾಗುತ್ತದೆ. ಡೈರಿಯಲ್ಲಿ ಬಿಡಿಸಿಟ್ಟ ಆಕಾರ, ಮೊದಲು ಬೇಗ ಆಮೇಲೆ ನಿಧಾನ, ಇದೇ. ನಾವು ಇಳಿಜಾರು ಹಾಕಿ ಹರಳನ್ನು ನೇರ ಮಾಡಿದಾಗ ಈ ತಡೆಯನ್ನೂ ತೆಗೆದುಹಾಕಿದೆವು. ಅದಕ್ಕೇ ಮಟ್ಟ ಪೂರ್ತಿ 6 ಮಿ.ಮೀ. ಏರಿದ್ದು. ಹರಳು ಸೊಟ್ಟಗಿದ್ದಾಗಲೇ ಯಂತ್ರ ಹೆಚ್ಚು ಕ್ಷೇಮವಾಗಿತ್ತು.

ಸರಿ ಮಾಡಿದ ಮೇಲೆ ಕೆಟ್ಟಿದ್ದು

ಕೋಡ್‌ನಲ್ಲಿ ಸಾಂದ್ರತೆ ಸೇರಿಸಿದೆ. ಈ ಸಲ ಮೂವರು ನೋಡಿದರು. ಓಡಿಸಿದೆವು. ಹರಳು ಹೊರಬಂತು, ಬಾಲ 96.

ಉತ್ಪಾದನೆಯ ಮುಖ್ಯಸ್ಥರು ಸಿಟ್ಟಾಗಿದ್ದರಲ್ಲಿ ತಪ್ಪಿಲ್ಲ. "ತಪ್ಪಿದ್ದಾಗಲೇ ಚೆನ್ನಾಗಿತ್ತಲ್ರೀ. ಹಳೇದನ್ನೇ ಹಾಕಿ," ಅಂದರು. ಅವರ ಕೈಯಲ್ಲಿ ಮೂರು ವಾರದ ನೇರ ಹರಳುಗಳಿದ್ದವು. ನನ್ನ ಕೈಯಲ್ಲಿ ಒಂದು ಸಪೂರ ಬಾಲ ಮತ್ತು ಒಂದು ಸೂತ್ರ. ಅದೂ ಮೊದಲೊಮ್ಮೆ ತಪ್ಪು ಸೂತ್ರ ಬರೆದವನ ಸೂತ್ರ.

ಆಗಿದ್ದಿಷ್ಟು. 7 ಮಿ.ಮೀ. ಇಳಿಜಾರು ರೆಸಿಪಿಯಲ್ಲಿ ಹಾಗೇ ಉಳಿದಿತ್ತು. ಕೋಡ್‌ಗೆ ನಮ್ಮಲ್ಲಿ ಆವೃತ್ತಿಗಳ ಲೆಕ್ಕವಿತ್ತು, ಪ್ರತಿ ಬದಲಾವಣೆಗೂ ಕಾರಣ ಬರೆಯುತ್ತಿದ್ದೆವು. ರೆಸಿಪಿಗೆ ಆ ಶಿಸ್ತು ಇರಲಿಲ್ಲ. ಅದು ಆಪರೇಟರ್ ಪರದೆಯಲ್ಲಿ ತುಂಬುವ ಖಾನೆ ಅಷ್ಟೇ. ಜೊತೆಗೆ 'ಒಂದು ಸಲಕ್ಕೆ ಒಂದೇ ಬದಲಾವಣೆ' ಅನ್ನುವ ನಿಯಮವನ್ನು ನಾನೇ ಗೋಡೆಗೆ ಅಂಟಿಸಿದ್ದೆ. ಒಂದು ತಪ್ಪನ್ನು ಮುಚ್ಚಲು ಹಾಕಿದ ತೇಪೆ ಆ ತಪ್ಪಿನ ಜೊತೆಗೇ ಹೋಗಬೇಕು, ಎರಡೂ ಸೇರಿ ಒಂದೇ ಬದಲಾವಣೆ ಅನ್ನುವುದು ಹೊಳೆಯಲೇ ಇಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ. ಅದಕ್ಕೇ ಅವರ ಮುಂದೆಯೇ ಕೂತು ಲೆಕ್ಕ ಮಾಡಿದೆ. ಹೊಸ ಅನುಪಾತ, ಹಳೆಯ ಇಳಿಜಾರು, 600 ಮಿ.ಮೀ. ಹರಳು ಸಪೂರವಾದರೆ ಮೆಲ್ಟ್ ಕಡಿಮೆ ಖರ್ಚು, ಆಗ ಮಟ್ಟ ಮತ್ತೆ ಸ್ವಲ್ಪ ಏರುತ್ತದೆ. ಲೆಕ್ಕ ಹೇಳಿದ್ದು: ಬಾಲ 96, ಕಡ್ಡಿಯ ಅಂತರ 12. ಬಾಲದ ಅಳತೆ ಅವರಿಗೆ ಗೊತ್ತಿತ್ತು. ಅಂತರವನ್ನು ಬರೆದುಕೊಂಡಿದ್ದವರು ಅಣ್ಣ, ಅವರ ಪುಸ್ತಕ ನಾನು ನೋಡಿರಲಿಲ್ಲ. ತರಿಸಿದೆವು. ಕೊನೆಯ ಗಂಟೆಯ ಮುಂದೆ 12 ಅಂತ ಬರೆದಿತ್ತು. ಮುಖ್ಯಸ್ಥರು ಪುಸ್ತಕ ಮುಚ್ಚಿ, ಇನ್ನೊಂದೇ ಸುತ್ತು ಅಂದರು.

ಇಳಿಜಾರು ತೆಗೆದು ಓಡಿಸಿದೆವು. ತಲೆ 100, ಬಾಲ 100, ಕಡ್ಡಿ 15. ಈ ಸಲ ಯಾರೂ ಮೈಸೂರು ಪಾಕ್ ತರಲಿಲ್ಲ.

ಆಮೇಲೆ ಬದಲಾಗಿದ್ದು

ಕಡ್ಡಿ ಮತ್ತು ಅದರ ಬಿಂಬವನ್ನು ಈಗ ಅದೇ ಕ್ಯಾಮೆರಾ ನೋಡುತ್ತದೆ. ಅಂತರ 2 ಮಿ.ಮೀ. ಸರಿದರೆ ಅಲಾರಂ. ಲೂಪ್‌ನೊಳಗೆ ಇನ್ನೂ ಸೇರಿಸಿಲ್ಲ. ಸೇರಿಸಬೇಕಾ ಅನ್ನುವ ಜಗಳ ನಮ್ಮ ತಂಡದಲ್ಲಿ ನಡೆದೇ ಇದೆ, ನಾನು ಬೇಡ ಅನ್ನುವ ಕಡೆ. ಅಲಾರಂ ಆದರೆ ಮನುಷ್ಯ ಬಂದು ನೋಡುತ್ತಾನೆ. ಲೂಪ್ ಆದರೆ ಇನ್ನೊಂದು ತಪ್ಪನ್ನು ನಗುನಗುತ್ತಾ ಮುಚ್ಚಿಬಿಡಬಹುದು, ಇಳಿಜಾರು ಮಾಡಿದ ಹಾಗೆ. ಪ್ರತಿ ಹರಳಿನ ತೂಕವನ್ನು ಲೆಕ್ಕದ ತೂಕದ ಜೊತೆ ಹೋಲಿಸುವುದು ಕಡ್ಡಾಯವಾಯಿತು. ಒಂದು ಸಾಧಾರಣ ತಕ್ಕಡಿ ಮೊದಲ ದಿನವೇ ಹೇಳಿದ್ದನ್ನು ನಾವು ಕೇಳಿಸಿಕೊಂಡಿರಲಿಲ್ಲ. ರೆಸಿಪಿಗಳೂ ಈಗ ಕೋಡ್ ಇರುವ ಕಡೆಯೇ ಇರುತ್ತವೆ. ಸಿಮ್ಯುಲೇಟರ್‌ನ ತೂಕದ ಲೆಕ್ಕವನ್ನು ತಂಡದ ಹೊಸ ಹುಡುಗಿಯೊಬ್ಬಳು ನನ್ನ ಕೋಡ್ ನೋಡದೆಯೇ ಹೊಸದಾಗಿ ಬರೆದಳು. ಬರೆದ ವಾರದಲ್ಲೇ ನನ್ನ ಇನ್ನೊಂದು ತಪ್ಪು ಹಿಡಿದಳು. ಸಣ್ಣದು, ಭುಜದ ಭಾಗದ್ದು.

ಕ್ರೂಸಿಬಲ್‌ನ ದುಂಡು ತಳದ ಹಳೆಯ ಕೋಷ್ಟಕವನ್ನೂ ಅವಳು ಲೆಕ್ಕ ಹಾಕಿ ನೋಡಿದಳು. ತಳ ಕಿರಿದಾದಂತೆ ಅನುಪಾತ ಏರಬೇಕು, ಏರುತ್ತದೆ. ಕೊನೆಯ ಮೂರು ಸಂಖ್ಯೆಗಳು ಮಾತ್ರ ಅವಳ ಲೆಕ್ಕಕ್ಕೂ ಸಿಗಲಿಲ್ಲ, ನನ್ನ ಲೆಕ್ಕಕ್ಕೂ ಸಿಗಲಿಲ್ಲ. ತೆಗೆದುಬಿಡೋಣವಾ ಸರ್ ಅಂತ ಕೇಳಿದಳು. ಪಕ್ಕದಲ್ಲಿ 'ಕಾರಣ ಗೊತ್ತಿಲ್ಲ, ಮುಟ್ಟಬೇಡಿ, ಅಣ್ಣನನ್ನು ಕೇಳಿ' ಅಂತ ಬರೆಸಿದ್ದೇನೆ. ಅವರು ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ.